ಮಾತು ಉಳಿಸಿಕೊಂಡೆವು, ದಪ್ಪಿನ ಸದ್ದೆಲ್ಲಿ?

ಹಲಸಂಗಿ ಗೆಳೆಯರ ಹೆಸರು ಬಂದಾಗಲೆಲ್ಲ ನಮ್ಮ ವೇದಿಕೆಗಳು ‘ಗರತಿಯ ಹಾಡು’ ಎಂದು ಹೇಳಿ ಕೈಮುಗಿದು ಮುಂದೆ ಹೋಗುತ್ತವೆ. 1931ರ ಆ ಸಂಕಲನಕ್ಕೆ ಕೈಮುಗಿಯಲೇಬೇಕು. ನಮ್ಮ ತಕರಾರು ಎರಡು ವರ್ಷ ಬಿಟ್ಟು, 1933ರಲ್ಲಿ ಬಂದ ‘ಜೀವನ ಸಂಗೀತ’ವನ್ನು ಮರೆತದ್ದರ ಬಗ್ಗೆ. ಅದನ್ನು ಸಂಪಾದಿಸಿದವರು ಇಬ್ಬರು: ಸಿಂಪಿ ಲಿಂಗಣ್ಣ ಮತ್ತು ಪಿ. ಧೂಲಾಸಾಹೇಬ. ಲಿಂಗಣ್ಣನವರನ್ನು ನಾಡು ಬಲ್ಲದು. ಧೂಲಾಸಾಹೇಬರು ಯಾರೆಂದರೆ ಇಂಡಿಯ ಬಸ್‌ಸ್ಟ್ಯಾಂಡಿನಲ್ಲೇ ಎಷ್ಟು ಮಂದಿ ಹೇಳಿಯಾರು?

ಈ ಎರಡು ಪುಸ್ತಕಗಳ ನಡುವೆ ಬದಲಾದದ್ದು ಮಾತಿಗಿಂತ ಸದ್ದು. ಮೊದಲನೆಯದು ಬೀಸುಕಲ್ಲಿನ ಮುಂದಿನ ತ್ರಿಪದಿ. ಅಲ್ಲಿ ಕಲ್ಲು ತಿರುಗುವುದೇ ತಾಳ, ಹಾಡುವವಳೇ ಕೇಳುವವಳು. ಎರಡನೆಯದು ಲಾವಣಿ. ಅದಕ್ಕೆ ಬಯಲು ಬೇಕು, ರಾತ್ರಿ ಬೇಕು, ದಪ್ಪು, ತುಂತುಣಿ, ತಾಳ ಬೇಕು. ಎದುರಿಗೆ ಸವಾಲು ಎಸೆಯುವ ಇನ್ನೊಂದು ಮೇಳವೂ ಬೇಕು. ಹರದೇಶಿಯವರು ಗಂಡು ಹೆಚ್ಚೆಂದರೆ ನಾಗೇಶಿಯವರು ಹೆಣ್ಣು ಹೆಚ್ಚೆನ್ನಬೇಕು. ಒಂದೇ ಊರಿನ ಗೆಳೆಯರು ಎರಡೇ ವರ್ಷದಲ್ಲಿ ಅಡುಗೆಮನೆಯಿಂದ ಜಾತ್ರೆಯ ಬಯಲಿಗೆ ಕಿವಿ ತಿರುಗಿಸಿದರು. ಇದು ಸಣ್ಣ ಧೈರ್ಯವೇ?

ಗರತಿ ಮರ್ಯಾದಸ್ಥಳು, ಪಠ್ಯಪುಸ್ತಕಕ್ಕೆ ಒಗ್ಗುತ್ತಾಳೆ. ಲಾವಣಿಕಾರ ವಾದಕ್ಕೆ ನಿಲ್ಲುತ್ತಾನೆ, ಶೃಂಗಾರ ಹಾಡುತ್ತಾನೆ, ನಡುರಾತ್ರಿ ಪೋಲಿಯೂ ಆಗುತ್ತಾನೆ. ಅವನನ್ನು ಸಭೆಗೆ ಕರೆಯಲು ನಮ್ಮ ವಿದ್ವಾಂಸರಿಗೆ ಸಂಕೋಚ. ಹಲಸಂಗಿಯ ಲಾವಣಿಕಾರ ಖಾಜಾಭಾಯಿಯ ಹೆಸರು ಸೌಹಾರ್ದದ ಭಾಷಣಕ್ಕೆ ಬೇಕು, ಅವನ ಮಟ್ಟು ಯಾರಿಗೂ ಬೇಡ. ನಮ್ಮ ಸಮುದಾಯದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮೊಹರಮ್ಮಿನ ರಿವಾಯತ್ ಪದವೆಂದರೆ ಮೂಗು ಮುರಿಯುವವರು ಈಗ ಮನೆಮನೆಯಲ್ಲಿದ್ದಾರೆ.

ಪುಸ್ತಕ ಹಿಡಿಯಬಲ್ಲದ್ದು ಮಾತನ್ನಷ್ಟೇ. ಹಿಮ್ಮೇಳದವರು ಮುಂದಾಳಿನ ಕೊನೆಯ ಸೊಲ್ಲನ್ನು ಎತ್ತಿಕೊಂಡು ಎಳೆಯುವಾಗ ಸಭೆ ಮೈಯೆಲ್ಲ ಕಿವಿಯಾಗುತ್ತದಲ್ಲ, ಅದು ಯಾವ ಅಚ್ಚುಮೊಳೆಗೂ ಸಿಕ್ಕುವುದಿಲ್ಲ. 1933ರಲ್ಲಿ ಆ ಇಬ್ಬರು ಮಾಡಬಹುದಾದದ್ದನ್ನು ಮಾಡಿದರು. ಈಗ ಸಿಂದಗಿಯ ಹುಡುಗನ ಜೇಬಿನಲ್ಲೂ ಧ್ವನಿ ಹಿಡಿಯುವ ಯಂತ್ರವಿದೆ. ಆದರೂ ನಾವು ಪದಗಳನ್ನು ಬರೆದುಕೊಂಡು, ಅಡಿಟಿಪ್ಪಣಿ ಹಾಕಿ, ಪಿಎಚ್‌ಡಿ ಪಡೆದು ಮನೆಗೆ ಹೋಗುತ್ತಿದ್ದೇವೆ.

ಡಿಜೆ ಬಂದು ಜಾನಪದ ಕೆಟ್ಟಿತೆಂಬ ಗೋಳು ಬೇರೆ. ಡಿಜೆಯ ಅಬ್ಬರ ನಮಗೂ ತಲೆನೋವೇ. ಆದರೆ ಮುದ್ದೇಬಿಹಾಳದ ಹುಡುಗ ಕೀಬೋರ್ಡಿನಲ್ಲಿ ಲಾವಣಿ ಮಟ್ಟು ಹುಡುಕುತ್ತಿದ್ದರೆ ಅವನನ್ನು ಬೈಯುವ ಮೊದಲು ‘ಇದನ್ನು ಕೇಳು’ ಎಂದು ಅವನ ಕೈಗೆ ಏನು ಕೊಟ್ಟಿದ್ದೇವೆ? ಸದ್ದು ಬದಲಾಗುವುದು ತಪ್ಪಲ್ಲ, ಹಲಸಂಗಿಯ ಪುಸ್ತಕಗಳಲ್ಲೇ ಬದಲಾಯಿತು. ಹಳೆಯದನ್ನು ಕೇಳದೆಯೇ ಹೊಸದು ಹುಟ್ಟಬೇಕಾದ ಸ್ಥಿತಿ ತಪ್ಪು.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ನಮ್ಮ ಬೇಡಿಕೆ ಸರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಿರಿಯ ಹಾಡುಗಾರರನ್ನು ಐದು ನಿಮಿಷದ ವೇದಿಕೆಗೆ ಕರೆಯುವುದು ಬೇಡ. ಅವರ ಬಯಲಿಗೇ ಹೋಗಿ, ಎರಡೂ ಮೇಳಗಳನ್ನು ಎದುರುಬದುರು ಕೂಡಿಸಿ, ಬೆಳಗಿನವರೆಗೂ ಧ್ವನಿಮುದ್ರಿಸಲಿ. ಹಾಡಿದವರ ಹೆಸರು ಹಾಕಲಿ, ಶಾಲು ಹೊದಿಸುವ ಮೊದಲು ಸಂಭಾವನೆ ಕೊಡಲಿ.