ಚೆಂಡಿಯಾದ ರಾಣೆ
ಕಾರವಾರದ ಕಡೆಯಿಂದ ಅಪ್ಸರಕೊಂಡದ ಜಲಪಾತ ನೋಡಲು ಬರುವವರು ಹೆದ್ದಾರಿಯಲ್ಲಿ ಚೆಂಡಿಯಾ ದಾಟಿಯೇ ಬರುತ್ತಾರೆ. ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆ 1918ರಲ್ಲಿ ಹುಟ್ಟಿದ ಊರು ಅದು. ಯುದ್ಧದ ಕತೆ ಎಂದರೆ ನಮಗೆ ಫಿರಂಗಿಗಳೇ ಕಣ್ಣಮುಂದೆ ಬರುತ್ತವೆ. ರಾಣೆ ಫಿರಂಗಿ ದಳದವರಲ್ಲ, ಬಾಂಬೆ ಸ್ಯಾಪರ್ಸ್‌ನವರು. ಫಿರಂಗಿ, ಟ್ಯಾಂಕುಗಳಿಗೆ ದಾರಿ ಬಿಡಿಸಿಕೊಡುವ ಪಡೆ ಇದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣಾಂಗಣ ಕಂಡಿದ್ದ ಅವರು, ಕಾಶ್ಮೀರ ಯುದ್ಧದ ವೇಳೆ 1948ರ ಏಪ್ರಿಲ್ 8ರಂದು ನೌಶೇರಾ–ರಜೌರಿ ರಸ್ತೆಯಲ್ಲಿ ನೆಲಬಾಂಬು ತೆಗೆಯಲು ಇಳಿದರು. ಶತ್ರುಗಳ ಮಾರ್ಟರ್ ದಾಳಿಗೆ ಇಬ್ಬರು ಸಂಗಡಿಗರು ಸತ್ತರು, ಐವರು ಗಾಯಗೊಂಡರು. ಗಾಯಾಳುಗಳಲ್ಲಿ ರಾಣೆಯೂ ಇದ್ದರು. ಆದರೂ ಕೆಲಸ ನಿಲ್ಲಲಿಲ್ಲ. ಟ್ಯಾಂಕಿನ ಅಡಿಯಲ್ಲಿ, ಎರಡು ಚೈನುಗಳ ನಡುವೆ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ‘ನಿಲ್ಲು’, ‘ಹೊರಡು’ ಎಂದು ಸೂಚಿಸುತ್ತ ಸಾಗಿದರಂತೆ. ಎಂಥ ಎದೆಗಾರಿಕೆ! ಅಡ್ಡ ಬಿದ್ದ ಪೈನ್ ಮರಗಳು, ಒಡೆದ ಸೇತುವೆ, ಮತ್ತೆ ನೆಲಬಾಂಬು: ಏಪ್ರಿಲ್ 11ರವರೆಗೆ ಇದೇ ಗೋಳು. ಮರುದಿನ ನಮ್ಮ ಸೇನೆ ರಜೌರಿ ತಲುಪಿತು. ರಾಣೆ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು, 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ಅಲ್ಲಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಹೊನ್ನಾವರ, ಭಟ್ಕಳದ ಮೇಷ್ಟ್ರುಗಳು ಆ ನಾಲ್ಕು ದಿನಗಳ ಕತೆಯನ್ನೂ ಹೇಳಲಿ.