ಮನೆಯೇ ಮೊದಲ ಶಾಲೆ: ಕುಂಟೆತ್ತಿನ ಪಾಠ

ಬೀಳಗಿ ತಾಲೂಕಿನ ಬಾಡಗಂಡಿಯಿಂದ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: “ನನ್ನ ಮಗನಿಗೆ ಐದು ವರ್ಷ. ಅಕ್ಷರ ತಿದ್ದೆಂದರೆ ಅಳುತ್ತಾನೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಪಾಟಿ ಬಿಟ್ಟು ಮಣ್ಣಿನಲ್ಲಿ ಕುಳಿತಿದ್ದನೆಂದು ಎರಡೇಟು ಕೊಟ್ಟೆ. ಅಂದಿನಿಂದ ಪಾಟಿಯನ್ನು ಮುಟ್ಟುತ್ತಿಲ್ಲ. ಹಬ್ಬದ ದಿನಗಳು ವ್ಯರ್ಥವಾಗದಂತೆ ಮನೆಯಲ್ಲಿ ಏನು ಕಲಿಸಲಿ?”

ಸೋದರಿ, ತಾವು ಕೇಳುವ ಪಾಠವನ್ನು ಮಗು ಅಂದೇ ಪ್ರಾರಂಭಿಸಿತ್ತು. ಹಾಗೆಂದು ನೊಂದುಕೊಳ್ಳಬೇಡಿರಿ, ನಮ್ಮಲ್ಲಿ ಅನೇಕ ತಾಯಂದಿರು ಹೀಗೆಯೇ ಆತುರಪಡುತ್ತೇವೆ. ಜರ್ಮನಿಯ ಫ್ರೋಬೆಲ್ ಮಹಾಶಯನು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದನು. ಮುಂದೆ ಅದೇ ‘ಕಿಂಡರ್‌ಗಾರ್ಟನ್’ ಎಂದು ಹೆಸರಾಯಿತು. ಆ ಪದ್ಧತಿಯಲ್ಲಿ ಮಣ್ಣಿನಿಂದ ಆಕಾರಗಳನ್ನು ಮಾಡಿಸುವುದೂ ಒಂದು ಪಾಠವಾಗಿತ್ತು. ನಮ್ಮ ಸೀಮೆಯಲ್ಲಿ ಜ್ಯೇಷ್ಠದ ಅಮಾವಾಸ್ಯೆಯು ಆ ಪಾಠವನ್ನು ಮನೆಯ ಬಾಗಿಲಿಗೇ ತರುತ್ತದೆ.

ಮುಂದಿನ ಹಬ್ಬಕ್ಕೆ ಹೀಗೆ ಮಾಡಿರಿ. ಹಿಂದಿನ ದಿನವೇ ಮಗುವಿನೊಡನೆ ಹೊಲಕ್ಕೆ ಹೋಗಿ ಎರೆಮಣ್ಣು ತನ್ನಿರಿ. ಹರಳು ಆರಿಸುವ ಕೆಲಸ ಅವನದಾಗಲಿ. ನೀರನ್ನು ತುಸು ತುಸುವಾಗಿ ಅವನೇ ಹಾಕಲಿ. ಹೆಚ್ಚಾದರೆ ಕೆಸರಾಗುವುದು, ಕಡಿಮೆಯಾದರೆ ಉದುರುವುದು. ಹದವೆಂದರೇನೆಂಬುದನ್ನು ಬಾಯಿಂದ ಹೇಳಿ ತಿಳಿಸಲಾಗದು, ಕೈಯೇ ಅದನ್ನು ಅರಿಯಬೇಕು. ಮಣ್ಣನ್ನು ನಾದುವ ಬೆರಳಿಗೇ ಮುಂದೆ ಪೆನ್ಸಿಲು ಹಿಡಿಯುವ ಬಲ ಬರುತ್ತದೆ.

ಒಂದು ಎತ್ತಿಗೆ ಕಾಲು ನಾಲ್ಕು, ಜೋಡಿಗೆ ಎಂಟು. ಕೋಡುಗಳೆಷ್ಟು, ಕಿವಿಗಳೆಷ್ಟು ಎಂದು ಕೇಳಿರಿ. ಗೋದಲಿಯನ್ನೂ ಮಾಡಿಸಿ ಅದರಲ್ಲಿ ಹತ್ತು ಕಾಳು ಇಡಿಸಿರಿ. ಎರಡು ಕಾಳು ತೆಗೆದರೆ ಉಳಿದವೆಷ್ಟು? ಕಣ್ಣಿಗೆ ಜೋಳದ ಕಾಳೇ ಸಾಕು. ಗುಲಗಂಜಿ ನೋಡಲು ಅಂದವಾದರೂ ಅದರ ಬೀಜ ವಿಷ; ಎಲ್ಲವನ್ನೂ ಬಾಯಿಗಿಡುವ ಮಕ್ಕಳ ಕೈಗೆ ಅದು ಸಿಗಕೂಡದು.

ಎತ್ತನ್ನು ನೆರಳಿನಲ್ಲಿ ಒಣಗಿಸಿರಿ. ಬಿಸಿಲಿಗಿಟ್ಟರೆ ಬಿರಿಯುವುದು. ಬೇಕೆಂದೇ ಒಂದು ಮಣ್ಣುಂಡೆಯನ್ನು ಬಿಸಿಲಿಗಿಟ್ಟು ಎರಡನ್ನೂ ತೋರಿಸಿರಿ. ಬೇಸಿಗೆಯ ಎರೆಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಏಕೆ ಬಿಡುವುದೆಂದು ಮಗು ಆಗ ತಾನೇ ಕೇಳುತ್ತದೆ. ಈ ಮಣ್ಣು ನೀರುಂಡು ಉಬ್ಬುವುದು, ಒಣಗಿ ಕುಗ್ಗುವುದು ಎಂದು ಹೇಳಿರಿ. ಮಣ್ಣಿಗೆ ತುಸು ಅರಳೆ ಬೆರೆಸಿದರೆ ಬಿರುಕು ಕಡಿಮೆಯಾಗುವುದನ್ನೂ ತೋರಿಸಬಹುದು.

ಒಂದು ಮಾತು ಮಾತ್ರ ಮರೆಯದಿರಿ. ಮಗುವಿನ ಎತ್ತು ಸೊಟ್ಟಗಾದರೆ ತಾವು ತಿದ್ದಬೇಡಿರಿ. ಪೇಟೆಯ ಬಣ್ಣದ ಎತ್ತನ್ನು ಪಕ್ಕದಲ್ಲಿಟ್ಟು ಹೋಲಿಸಲೂಬೇಡಿರಿ. ಹಬ್ಬದ ಮರುದಿನ ಹುಡುಗರು ಮಣ್ಣಿನ ಕುಂಟೆತ್ತನ್ನು ಹಿಡಿದು, ಹಾಡುತ್ತ ಮನೆಮನೆಗೆ ಹೋಗಿ ಕಾಳು ಬೇಡುವ ರೂಢಿ ನಮ್ಮ ಕಡೆ ಉಂಟಷ್ಟೆ. ಕಾಲು ಮುರಿದ ಎತ್ತಿಗೂ ಜೋಳ ನೀಡಿ ಕಳಿಸುವ ಊರಿನಲ್ಲಿ, ಸೊಟ್ಟ ಅಕ್ಷರ ಬರೆದ ಮಗುವಿಗೆ ಏಟು ಬೀಳಬೇಕೆ?

ಶ್ರಾವಣದ ಪಂಚಮಿಯಲ್ಲಿಯೂ ಪಾಠಗಳಿವೆ. ಎಳ್ಳು, ಶೇಂಗಾ, ರವೆಯ ಉಂಡಿಗಳನ್ನು ಮಗುವೇ ಬೇರೆ ಬೇರೆಯಾಗಿ ಜೋಡಿಸಿ, ಮನೆಯವರಿಗೆಲ್ಲ ಸಮನಾಗಿ ಹಂಚಲಿ. ಜೋಕಾಲಿ ಎಷ್ಟು ಸಲ ಹೋಗಿಬಂದಿತೆಂದು ಎಣಿಸಲಿ. ಯುಗಾದಿಯಂದು ಬೇವು ಬೆಲ್ಲಗಳ ರುಚಿಗೆ ತಾನೇ ಮಾತು ಹುಡುಕಲಿ.

ಆದರೆ ತಮ್ಮ ಮಗನ ವಿಷಯದಲ್ಲಿ ಹಬ್ಬದವರೆಗೆ ಕಾಯಬೇಡಿರಿ. ಪಾಟಿಯನ್ನು ಕೆಲದಿನ ಗೂಡಿನಲ್ಲಿಡಿರಿ. ಒಂದು ಹಿಡಿ ಹಸಿಮಣ್ಣು ತಂದು ಅವನ ಬಳಿ ಕುಳಿತು, “ನನಗೂ ಒಂದ ಎತ್ತ ಮಾಡಿಕೊಡೋ ನನ್ನಪ್ಪಾ” ಎಂದು ಕೇಳಿರಿ. ಅವನು ಮಾಡಿಕೊಟ್ಟದ್ದನ್ನು, ಅದು ಹೇಗೇ ಇರಲಿ, ದೇವರ ಜಗಲಿಯ ಮೇಲಿಡಿರಿ. ಅದರ ಪಕ್ಕದಲ್ಲಿ ತನ್ನ ಹೆಸರು ಬರೆಯಬೇಕೆಂದು ಒಂದು ದಿನ ಅವನೇ ಪಾಟಿಯನ್ನು ಕೇಳಿಯಾನು. ಆಗ ಬಳಪ ಕೊಟ್ಟರೆ ಸಾಕು.