72 ಡಿಗ್ರಿ ಸರಿ, ಪ್ರೆಶರ್ ಎಷ್ಟು?

ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಅದರಲ್ಲಿ ಬಹುಪಾಲು ಡೇರಿ ಯಂತ್ರಗಳ ನಡುವೆಯೇ ಕಳೀತು. ಯಾವ ಡೇರಿಗೆ ಹೋದರೂ ಮೊದಲು ತೋರಿಸೋದು ಪಾಶ್ಚರೈಸರಿನ ಟೆಂಪರೇಚರ್ ಚಾರ್ಟ್. "ನೋಡಿ ಸಾಹೇಬ್ರೆ, 72 ಡಿಗ್ರಿ, 15 ಸೆಕೆಂಡ್, ಒಂದು ಚೂರೂ ಇಳಿದಿಲ್ಲ." ಸಂತೋಷ. ಪ್ರೆಶರ್ ಎಷ್ಟಿದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡ್ಕೋತಾರೆ. ನನ್ನ ತಕರಾರು ಇರೋದೇ ಇಲ್ಲಿ.

ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಅಂದ್ರೆ ಸುಕ್ಕು ಸುಕ್ಕಾಗಿ ಒತ್ತಿದ ತೆಳು ಸ್ಟೀಲ್ ತಗಡುಗಳನ್ನು ಗ್ಯಾಸ್ಕೆಟ್ ಹಾಕಿ ಬಿಗಿದ ಕಟ್ಟು. 1923ರಲ್ಲಿ ಇಂಗ್ಲೆಂಡಿನಲ್ಲಿ ರಿಚರ್ಡ್ ಸೆಲಿಗ್ಮನ್ ಇದನ್ನು ಮಾಡಿದ್ದೇ ಹಾಲಿಗಾಗಿ. ಕಾದು ಹೊರಟ ಹಾಲು ತನ್ನ ಬಿಸಿಯನ್ನು ಒಳಗೆ ಬರುವ ಹಸಿ ಹಾಲಿಗೆ ಕೊಟ್ಟು ಹೋಗುತ್ತೆ, ಇಂಧನ ಉಳಿಯುತ್ತೆ. ಆದರೆ ಎರಡರ ನಡುವೆ ಇರೋದು ಅರ್ಧ ಮಿಲಿಮೀಟರ್ ಆಸುಪಾಸಿನ ತಗಡು ಅಷ್ಟೆ! ಅದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ? ಕಾದ ಹಾಲಿನ ಕಡೆ ಒತ್ತಡ ಹೆಚ್ಚಿದ್ದರೆ ಒಂದಿಷ್ಟು ಹಾಲು ಹಸಿ ಹಾಲಿಗೆ ಸೇರಿ ಮತ್ತೊಮ್ಮೆ ಕಾಯುತ್ತೆ, ಅಪಾಯವಿಲ್ಲ. ಉಲ್ಟಾ ಆದರೆ ಹಸಿ ಹಾಲು ನೇರ ನಿಮ್ಮ ಪ್ಯಾಕೆಟ್ಟಿಗೆ. ಚಾರ್ಟ್ ಆಗಲೂ 72 ಡಿಗ್ರಿಯನ್ನೇ ತೋರಿಸ್ತಿರುತ್ತೆ. (ಪ್ಯಾಕೆಟ್ ಹಾಲನ್ನು ಮನೆಯಲ್ಲಿ ಮತ್ತೆ ಉಕ್ಕಿಸುವವರನ್ನು ನೋಡಿ ನಾನಂತೂ ನಗೋಲ್ಲ.)

ತಮಾಷೆ ಏನಂದ್ರೆ, ಸುಮ್ಮನೆ ಬಿಟ್ಟರೆ ಒತ್ತಡ ಉಲ್ಟಾನೇ ಇರುತ್ತೆ. ಶುರುವಿನಲ್ಲೇ ಒಂದು ಪಂಪಿಟ್ಟು ತಳ್ಳಿದರೆ, ಹಾಲು ಸಂದಿಗೊಂದಿ ಸುತ್ತುತ್ತಾ ಒತ್ತಡ ಕಳಕೊಳ್ಳುತ್ತೆ. ಕೊನೆಗೆ ಬರುವ ಕಾದ ಹಾಲಿನದ್ದೇ ಕಡಿಮೆ. ಅದಕ್ಕೇ ನಡುವೆ ಬೂಸ್ಟರ್ ಪಂಪು ಬೇಕು. ಅಮೆರಿಕದ ಹಾಲಿನ ನಿಯಮದಲ್ಲಿ ಕಾದ ಹಾಲಿನ ಕಡೆ ಕನಿಷ್ಠ 1 ಪಿಎಸ್‌ಐ ಹೆಚ್ಚಿರಬೇಕು ಅಂತಲೇ ಇದೆ. ನಮ್ಮಲ್ಲಿ ಸಣ್ಣ ಡೇರಿಯವರು ರೇಟು ಇಳಿಸಿ ಅಂದಾಗ ಮೊದಲು ಕತ್ತರಿ ಬೀಳೋದು, ನಾನು ಕಂಡ ಹಾಗೆ, ಆ ಪಂಪಿಗೇ.

ಹಾಗಂತ ಒತ್ತಡ ಕಳೆಯೋದೇ ಕೆಟ್ಟದ್ದಲ್ಲ. ಹಾಲು ಸುಕ್ಕಿಗೆ ಬಡಿದು ಕದಡಿದರೇನೇ ಬಿಸಿ ಚೆನ್ನಾಗಿ ದಾಟೋದು. ಕರೆಂಟ್ ಉಳಿಸೋಕೆ ಅಂತ ಪ್ಲೇಟ್ ಜಾಸ್ತಿ ಹಾಕಿ ಹರಿವು ನಿಧಾನ ಮಾಡಿದರೆ ತಗಡಿನ ಮೇಲೆ ಹಾಲು ಸೀದು ಕೂರುತ್ತೆ. ಅದನ್ನು ಹೇಳೋದೂ ಪ್ರೆಶರ್ ಗೇಜೇ: ಹರಿವು ಅಷ್ಟೇ ಇದ್ದು ಒಳಹೋಗುವ ಮತ್ತು ಹೊರಬರುವ ಕಡೆಯ ಒತ್ತಡದ ಅಂತರ ಏರ್ತಾ ಇದ್ದರೆ ಸಂದಿ ಕಟ್ತಿದೆ ಅಂತ ಅರ್ಥ. ಟೆಂಪರೇಚರ್ ಹೇಳೋಲ್ಲ. ಕಂಟ್ರೋಲರ್ ಬಿಸಿನೀರನ್ನು ಇನ್ನಷ್ಟು ಕಾಯಿಸಿ 72 ತಂದಿಟ್ಟಿರುತ್ತೆ.

ಲಾಗ್‌ಬುಕ್ಕಿನಲ್ಲಿ ಎರಡು ಕಡೆಯ ಪ್ರೆಶರಿಗೂ ಕಾಲಂ ಇರಲಿ, ಅಂತರ ಉಲ್ಟಾ ಆದರೆ ಯಂತ್ರ ನಿಲ್ಲಿಸುವ ಅಧಿಕಾರ ಆಪರೇಟರನಿಗಿರಲಿ. ವರ್ಷಕ್ಕೊಮ್ಮೆಯಾದರೂ ಪ್ಲೇಟ್ ಬಿಚ್ಚಿ, ಬಣ್ಣ ಹಚ್ಚಿ ತೂತು ಹುಡುಕಲಿ. ಒಂದು ದಿನದ ಕೆಲಸ ಅದು.